ಹದ್ದಿನಮನಿಯವರ ಹದ್ದು

ಕೇರಳದಲ್ಲಿ ನೀವು ಯಾರೆಂದು ಕೇಳಿದವರಿಗೆ ಬರೀ ಹೆಸರು ಹೇಳಿದರೆ ಸಾಕಾಗುವುದಿಲ್ಲ. ಹೆಸರು ಹೇಳಿ, ಊರು ಹೇಳಿ, ಕೆಲಸ ಹೇಳಿ, ಕೇಳಿದವರು ತಲೆಯಾಡಿಸಿ, ಪೀಠಿಕೆ ಮುಗಿಯಿತು ಇನ್ನು ವಿಷಯಕ್ಕೆ ಬರೋಣ ಎನ್ನುವ ಹಾಗೆ, “ವೀಟ್ಟುಪೇರ್ ಎಂದಾ?” ಎನ್ನುತ್ತಾರೆ. ಮನೆಯ ಹೆಸರೇನು? ಬೆಂಗಳೂರು, ಮೈಸೂರಿನಿಂದ ಬಂದ ಪಾಪದ ಕನ್ನಡಿಗರು ಇಲ್ಲಿಯೇ ತಬ್ಬಿಬ್ಬಾಗುವುದು. ಬಾಡಿಗೆ ಮನೆಗೆ ಎಂಥ ಹೆಸರು? ಫ್ಲ್ಯಾಟಿನ ನಂಬರು ಹೇಳಿ ಮರ್ಯಾದೆ ಕಳೆದುಕೊಂಡವರೂ ಇದ್ದಾರೆ.

ಅಣ್ಣಪ್ಪ ಹದ್ದಿನಮನಿಗೆ ಮಾತ್ರ ಈ ಪ್ರಶ್ನೆ ಎಂದರೆ ಹೋಳಿಗೆ ಊಟ. ಅವನು ಬಾಗಲಕೋಟೆ ಕಡೆಯವನು. ಅವನ ಸೀಮೆಯಲ್ಲಿ ಅಡ್ಡಹೆಸರುಗಳಿಗೆ ಬರಗಾಲವಿಲ್ಲ. ಮೆಣಸಿನಕಾಯಿಯವರು, ಉಳ್ಳಾಗಡ್ಡಿಯವರು, ಹುಣಸಿಮರದವರು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತು ಮಗ್ಗಿ ಕಲಿತವರು. ಆದರೆ ಅವರಲ್ಲಿ ಯಾರಿಗೂ ಇಲ್ಲದ ಗತ್ತು ತನ್ನ ಹೆಸರಿಗಿದೆ ಎಂಬುದು ಅಣ್ಣಪ್ಪನ ದೃಢ ವಿಶ್ವಾಸ. ಯಾರಾದರೂ ವೀಟ್ಟುಪೇರು ಕೇಳಿದರೋ, ಎರಡೂ ಕೈ ರೆಕ್ಕೆಯಂತೆ ಅಗಲಿಸಿ, “ಹದ್ದಿನಮನಿ! ಪರುಂದಿಂಡೆ ವೀಡ್!” ಎನ್ನುತ್ತಿದ್ದ. ಪರುಂದ್ ಎಂದರೆ ಮಲಯಾಳದಲ್ಲಿ ಹದ್ದು. ಕೇಳಿದವರು ಪಾಪ, ಅಷ್ಟಕ್ಕೆ ಬಿಟ್ಟು ಹೋಗುವಂತಿರಲಿಲ್ಲ. ಅವನ ಮೂಲಪುರುಷ ಒಬ್ಬ ದೇಸಾಯಿಯ ವಾಡೆಯಲ್ಲಿ ಹದ್ದುಗಳನ್ನು ಪಳಗಿಸುತ್ತಿದ್ದದ್ದು, ಶತ್ರುಗಳ ದಂಡು ಬರುತ್ತಿದ್ದುದನ್ನು ಹದ್ದು ಆಕಾಶದಿಂದಲೇ ಕಂಡು ಕೂಗಿಕೊಂಡದ್ದು, ದೇಸಾಯಿ ಮೆಚ್ಚಿ ಮನೆ ಕಟ್ಟಿಸಿಕೊಟ್ಟು ಆ ಹೆಸರಿಟ್ಟದ್ದು, ಎಲ್ಲವನ್ನೂ ಕೇಳಿಯೇ ಏಳಬೇಕು. ಕೊಚ್ಚಿಯ ಹತ್ತಿರದ ಅಂಬಲಮುಗಳಿನ ಒಂದು ಕಾರ್ಖಾನೆಯಲ್ಲಿ ತಾನು ಸುರಕ್ಷತಾ ಅಧಿಕಾರಿಯಾದದ್ದು ಕೂಡ ರಕ್ತದಲ್ಲೇ ಬಂದ ಹದ್ದಿನ ಕಣ್ಣಿನಿಂದ ಎಂದು ಅವನು ಹೇಳುವುದುಂಟು. (ಈ ಹದ್ದಿನ ಕಣ್ಣಿನವನಿಗೆ ದಿನಾ ಬೆಳಿಗ್ಗೆ ಅವನ ಕನ್ನಡಕವನ್ನು ಹೆಂಡತಿಯೇ ಹುಡುಕಿಕೊಡಬೇಕು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.)

ನಗುವವರು ನಗಿ, ಆದರೆ ಒಂದು ಮಾತು ಕೇಳಿಕೊಂಡು ನಗಿ. ಆ ಮನೆ ಈಗಿಲ್ಲ. ಅಣ್ಣಪ್ಪ ಕಾಲೇಜಿನಲ್ಲಿದ್ದಾಗ ಅಣೆಕಟ್ಟಿನ ಹಿನ್ನೀರು ಬಂದು ಮನೆ, ಹೊಲ, ಮನೆಯ ಮುಂದಿನ ಬೇವಿನಮರ, ಎಲ್ಲವನ್ನೂ ನುಂಗಿತು. ಅವನ ಅಪ್ಪ ಪುನರ್ವಸತಿಯ ತಗಡಿನ ಮನೆಯಲ್ಲಿ ಕೆಲವು ವರ್ಷ ಇದ್ದು ತೀರಿಕೊಂಡರು. ಸಾಯುವ ಮುಂಚೆ ಮಗನ ಕೈ ಹಿಡಿದು, “ಮನಿ ಹೋತು, ಹೊಲ ಹೋತು. ಹೆಸರೊಂದ ಉಳದೈತಿ. ಅದನ್ನ ಕಳೀಬ್ಯಾಡಪಾ” ಎಂದಿದ್ದರು. ಅಣ್ಣಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ಕೃತಿ. ಕೇರಳದ ಪದ್ಧತಿಯಂತೆ ಅಪ್ಪನ ಹೆಸರಿನ ಮೊದಲಕ್ಷರ ಸೇರಿ ಶಾಲೆಯಲ್ಲಿ ಅವಳು ಬರೀ ‘ಕೃತಿ ಎ.’ ಆಗಿಬಿಟ್ಟಿದ್ದಳು. ಇಷ್ಟು ದೊಡ್ಡ ಹದ್ದು ಒಂದು ‘ಎ’ ಅಕ್ಷರದ ಹಿಂದೆ ಅಡಗಿ ಕೂತಿರುವುದು ಅವನಿಗೆ ದಿನಾ ಚುಚ್ಚುತ್ತಿತ್ತು. ಮಗಳು ಬಾಯಿಬಿಟ್ಟು ಒಂದು ಸಲ ‘ನಾನು ಹದ್ದಿನಮನಿ’ ಎಂದರೆ ಸಾಕು, ಅಪ್ಪನಿಗೆ ಕೊಟ್ಟ ಮಾತು ಉಳಿಯಿತು ಎಂದುಕೊಂಡಿದ್ದ.

ಹಾಗಿರುವಾಗ ಒಂದು ಸಂಜೆ ಕೃತಿ ಶಾಲೆಯಿಂದ ಬಂದವಳೇ ಚೀಲವನ್ನು ಸೋಫಾದ ಮೇಲೆ ಒಗೆದು ಸುದ್ದಿ ಹೇಳಿದಳು. ನವೆಂಬರ್ ಒಂದಕ್ಕೆ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. (ಅದೇ ದಿನ ನಮ್ಮ ರಾಜ್ಯೋತ್ಸವ. ಒಂದೇ ದಿನ ಹುಟ್ಟಿದ ಅವಳಿಗಳು. ಒಬ್ಬರ ಹುಟ್ಟುಹಬ್ಬಕ್ಕೆ ಇನ್ನೊಬ್ಬರಿಗೆ ಕರೆಯಿಲ್ಲ.) ಆ ದಿನ ನಾಲ್ಕನೇ ಕ್ಲಾಸಿನ ಪ್ರತಿ ಮಗುವೂ ವೇದಿಕೆ ಹತ್ತಿ ತನ್ನ ಮನೆಯ ಹೆಸರು, ಅದರ ಅರ್ಥ, ಅದು ಬಂದ ಬಗೆ ಹೇಳಬೇಕು. ತಂದೆತಾಯಿ ಬರಲೇಬೇಕು.

ಅಣ್ಣಪ್ಪ ಕೂತಲ್ಲಿಂದ ಎದ್ದೇಬಿಟ್ಟ. “ಬಾ ನನ್ನವ್ವಾ! ಕುಂದರ ಇಲ್ಲಿ. ದೇಸಾಯಿಂದ ಸುರು ಮಾಡೂಣು.”

“ಅಪ್ಪಾ, ಎನಿಕ್ಕ್ ವೇಂಡ,” ಎಂದಳು ಕೃತಿ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಉತ್ತರ ಮಾತ್ರ ಮಲಯಾಳದಲ್ಲೇ ಬರುವುದು. “ಪರುಂದ್ ವೇಂಡ.”

ಬೇಡ! ಹದ್ದು ಬೇಡ! ಯಾಕೆಂದು ಕೇಳಿದರೆ ಅವಳು ತುಟಿ ಉಬ್ಬಿಸಿ ಹೇಳಿದಳು. ಅವಳ ಪಕ್ಕದಲ್ಲಿ ಕೂರುವ ಹುಡುಗಿಯ ಮನೆಯ ಕೋಳಿಮರಿಯನ್ನು ಮೊನ್ನೆ ಹದ್ದು ಎತ್ತಿಕೊಂಡು ಹೋಗಿದೆ. ಹುಡುಗಿ ಕ್ಲಾಸಿನಲ್ಲಿ ಅತ್ತಿದ್ದಾಳೆ. ಇಡೀ ಕ್ಲಾಸು ಹದ್ದಿನ ಜಾತಿಗೇ ಶಾಪ ಹಾಕಿದೆ. ಈಗ ತಾನು ಮೈಕಿನ ಮುಂದೆ ನಿಂತು ‘ನಾನು ಹದ್ದಿನ ಮನೆಯವಳು’ ಎಂದರೆ ಕಳ್ಳನ ಮನೆಯವಳು ಎಂದ ಹಾಗೆಯೇ. ಅದಕ್ಕೆ ತಾನು ಅಮ್ಮನ ಮನೆಯ ಹೆಸರು ಹೇಳುತ್ತೇನೆ. ಪಂಜಿಗುಡ್ಡೆ.

ಅಣ್ಣಪ್ಪ ಅಡುಗೆಮನೆಯತ್ತ ತಿರುಗಿದ. “ಏನ ಕಲಸೀಯವ್ವಾ ಹುಡಿಗೀಗೆ?”

ಜೀವಿತಾ ಕಾಸರಗೋಡಿನವಳು, ತುಳು ಮನೆಮಾತಿನವಳು. ಸೌಟು ಹಿಡಿದೇ ಹೊರಗೆ ಬಂದಳು. “ನಾನೆಂತ ಕಲಿಸುದು ಮಾರಾಯ್ರೇ? ನಮ್ಮಲ್ಲಿ ಮಕ್ಕಳು ಹೇಗೂ ತಾಯಿ ಮನೆಯವರೇ. ಅದು ನಾನು ಮಾಡಿದ ಕಾನೂನಲ್ಲ, ಅಳಿಯಕಟ್ಟು.”

“ನಿಮ್ಮ ಕಟ್ಟು ನಿಮ್ಮ ಕಡೆ. ಇಲ್ಲಿ ಆಕಿ ಅಪ್ಪ ಜೀವಂತ ಕುಂತೇನಿ.”

“ಕೂತಿದ್ದೀರಲ್ಲ, ಯಾರು ಏಳಿ ಅಂದದ್ದು? ಪಂಜಿಗುಡ್ಡೆ ಎಷ್ಟು ಚಂದದ ಹೆಸರು ಅಂತ ಮಗುವಿಗೇ ಅನ್ನಿಸಿದೆ.”

ಮಗುವಿಗೆ ಅನ್ನಿಸಿದ್ದರ ಹಿಂದೆ ಒಂದು ಕಥೆಯುಂಟು. ಮಲಯಾಳದಲ್ಲಿ ‘ಪಂಞಿ’ ಎಂದರೆ ಹತ್ತಿ. ಹಾಗಾಗಿ ಕೃತಿಯ ಮನಸ್ಸಿನಲ್ಲಿ ಅಮ್ಮನ ತವರು ಎಂದರೆ ಹತ್ತಿಯ ಗುಡ್ಡ. ಬೆಳ್ಳಗೆ, ಮೆತ್ತಗೆ, ಬಿದ್ದರೂ ನೋವಾಗದ್ದು. ಆದರೆ ತುಳುವಿನಲ್ಲಿ ‘ಪಂಜಿ’ ಎಂದರೆ ಹಂದಿ. ಆ ಗುಡ್ಡದಲ್ಲಿ ಹತ್ತಿ ಯಾವ ಕಾಲಕ್ಕೂ ಬೆಳೆದದ್ದಿಲ್ಲ, ಹಂದಿಗಳು ಮಾತ್ರ ಈಗಲೂ ಗೆಣಸು ಅಗೆದು ಹೋಗುತ್ತವೆ. ಇದು ಅಣ್ಣಪ್ಪನಿಗೆ ಗೊತ್ತು. ಅಣ್ಣಪ್ಪನಿಗೆ ಗೊತ್ತು ಎಂಬುದು ಜೀವಿತಾಳಿಗೆ ಗೊತ್ತು. ಕೃತಿಗೆ ಮಾತ್ರ ಗೊತ್ತಿಲ್ಲ. ಅಣ್ಣಪ್ಪ ಬಾಯಿ ತೆರೆಯುವುದರೊಳಗೆ ಜೀವಿತಾ ಸೌಟನ್ನು ಅವನ ಮೂಗಿನ ನೇರಕ್ಕೆ ಹಿಡಿದು ಕಣ್ಣಿನಲ್ಲೇ ಹೇಳಬೇಕಾದ್ದನ್ನು ಹೇಳಿದಳು. ಅವನು ಬಾಯಿ ಮುಚ್ಚಿದ.

ಬ್ರಹ್ಮಾಸ್ತ್ರವನ್ನು ಬತ್ತಳಿಕೆಯಲ್ಲೇ ಇಟ್ಟು ಅವನು ವಿದ್ವತ್ತಿನ ದಾರಿ ಹಿಡಿದ. ಮೊಬೈಲಿನಲ್ಲಿ ನಿಘಂಟುಗಳನ್ನು ತೆರೆದು ಕೂತ. ಗರುಡ ಎಂದರೆ ಕಂದು ಮೈ, ಬಿಳಿ ಕೊರಳು, ಕಂಡರೆ ಕೈ ಮುಗಿಯುವಂಥದ್ದು. ಗಿಡುಗ ಬೇರೆ, ಡೇಗೆ ಬೇರೆ, ಹದ್ದು ಬೇರೆ ಎಂದು ವಿಂಗಡಿಸಿದ. ಮರುದಿನ ಊಟದ ಹೊತ್ತಿಗೆ ಅವನ ಕೈಗೆ ನಿಧಿ ಸಿಕ್ಕಿತ್ತು.

“ಕೇಳ್ರಿ ಇಬ್ಬರೂ. ಹದ್ದಿಗೆ ಹಳಗನ್ನಡದಾಗ ‘ಪರ್ದು’ ಅಂತಿದ್ರು. ನಮ್ಮ ಕನ್ನಡದಾಗ ಹಳೇ ಪಕಾರ ಎಲ್ಲಾ ಹಕಾರ ಆದುವು. ಪಾಲು ಹಾಲಾತು, ಪುಲಿ ಹುಲಿಯಾತು, ಪಲ್ಲು ಹಲ್ಲಾತು. ಹಂಗ ಪರ್ದು ಹದ್ದಾತು. ಮಲಯಾಳದವರು ‘ಪ’ ಬಿಡಲಿಲ್ಲ. ಅದಕ್ಕ ಅವರು ಇನ್ನೂ ಪರುಂದ್ ಅಂತಾರ. ಕೃತೀ, ನಿನ್ನ ಗೆಳತ್ಯಾರು ಬೈಯೂ ಪರುಂದ್, ನಮ್ಮ ಹದ್ದು, ಎರಡೂ ಒಂದ ತಾಯಿ ಮಕ್ಕಳು!”

“ಹೌದಾ?” ಎಂದಳು ಜೀವಿತಾ ಬಹಳ ಗಂಭೀರವಾಗಿ. “ಹಾಗಾದ್ರೆ ನೀವು ಅಣ್ಣಪ್ಪ ಅಲ್ಲ, ಅಣ್ಣಹ್ಹ.”

ಕೃತಿಗೆ ನೀರು ನೆತ್ತಿಗೇರಿತು. ಅಣ್ಣಹ್ಹ, ಅಣ್ಣಹ್ಹ ಎಂದು ಊಟದ ಮೇಜು ಬಡಿದು ನಕ್ಕಳು.

“ಹಂಗ ಎಲ್ಲಾ ಕಡೆ ಆಗಂಗಿಲ್ಲ, ಸುರುವಾತಿನ ‘ಪ’ ಅಷ್ಟ!”

“ಸುರುವಿನದ್ದಾ? ಸರಿ. ಪಂಜಿಗುಡ್ಡೆ ಸುರುವಾಗುದೇ ‘ಪ’ದಿಂದ. ನಿಮ್ಮ ಲೆಕ್ಕದಲ್ಲಿ ಪಂಜಿ ಹೋಗಿ ಹಂಜಿ ಆಗ್ಬೇಕಲ್ಲ? ಹಂಜಿ ಅಂದ್ರೆ ಕನ್ನಡದಲ್ಲಿ ಎಂತ? ಚರಕದಲ್ಲಿ ನೂಲುವ ಹತ್ತಿ. ಮಗಳೇ, ಬರ್ಕೊ, ಅಪ್ಪನೇ ಸಾಬೀತು ಮಾಡಿ ಕೊಟ್ರು.”

ಅಣ್ಣಪ್ಪ ಅನ್ನದ ತಟ್ಟೆಯನ್ನೇ ನೋಡುತ್ತ ಕೂತ. ತಾನೇ ತೋಡಿದ ಗುಂಡಿ, ಯಾರನ್ನು ಬೈಯುವುದು? ಪಂದಿ ಹೋಗಿ ಹಂದಿಯಾದದ್ದೂ ಅದೇ ನಿಯಮದಿಂದ ಎಂದು ನಾಲಿಗೆಯ ತುದಿಗೆ ಬಂದಿತ್ತು. ಸಾರು ಬಡಿಸುವ ನೆಪದಲ್ಲಿ ಸೌಟು ಹತ್ತಿರವೇ ಸುಳಿದಾಡುತ್ತಿತ್ತು.

ಕೊನೆಗೆ ಜೀವಿತಾಳೇ ಒಂದು ದಾರಿ ಹೇಳಿದಳು. “ಇಷ್ಟೆಲ್ಲ ಯಾಕೆ? ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಿಮ್ಮ ಅತ್ತೆ ಇದ್ದಾರಲ್ಲ, ಅವರು ಆ ಮನೆಯಲ್ಲೇ ಹುಟ್ಟಿದವರು. ಅವರ ಬಾಯಿಂದಲೇ ಕೇಳಿಸಿ. ಆ ಹದ್ದು ಒಳ್ಳೇದು ಅಂತ ಅವರು ಹೇಳಿದ್ರೆ ಮಗು ಒಪ್ಪಿಕೊಳ್ತದೆ.”

ಕೃತಿಯೂ “ಶರಿ” ಎಂದಳು. ಅಜ್ಜಿ ಹೇಳಿದರೆ ಹದ್ದು, ಇಲ್ಲದಿದ್ದರೆ ಹತ್ತಿ. ಅಣ್ಣಪ್ಪನಿಗೆ ಆನೆಬಲ ಬಂತು. ಮಂದಾಕಿನಿ ಅತ್ತಿ ಅವನ ಅಪ್ಪನ ಖಾಸಾ ಅಕ್ಕ. ಮರಗೆಣಸಿನ ಸಂಶೋಧನೆ ಮಾಡುವ ಗಂಡನ ಹಿಂದೆ ತಿರುವನಂತಪುರಕ್ಕೆ ಬಂದು ಅಲ್ಲೇ ಬೇರು ಬಿಟ್ಟ ಹೆಂಗಸು. ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗಲಿಲ್ಲ, ಹೋಗಲು ಊರಿರಲಿಲ್ಲ. ಅವಳಿಗಿಂತ ದೊಡ್ಡ ಸಾಕ್ಷಿ ಯಾರು?

ಭಾನುವಾರ ಬೆಳಿಗ್ಗೆ ಮೂವರೂ ಎರ್ನಾಕುಳದಲ್ಲಿ ರೈಲು ಹತ್ತಿದರು. ದಾರಿಯುದ್ದಕ್ಕೂ ಅಣ್ಣಪ್ಪ ಎದುರು ಸೀಟಿನ ಅಪರಿಚಿತರಿಗೆ ದೇಸಾಯಿಯ ಕಥೆ ಹೇಳಿದ. ಕಾಯಂಕುಳಂ ದಾಟುವಷ್ಟರಲ್ಲಿ ಶತ್ರುಗಳ ದಂಡು ಮೊದಲಿಗಿಂತ ದೊಡ್ಡದಾಗಿತ್ತು, ಕೊಲ್ಲಂನಲ್ಲಿ ಅದಕ್ಕೆ ಆನೆಗಳೂ ಸೇರಿದವು. ಅಪರಿಚಿತರು ವರ್ಕಲದಲ್ಲಿ ಇಳಿದು ಬದುಕಿಕೊಂಡರು. ತಿರುವನಂತಪುರದಲ್ಲಿ ಆಟೋ ಹಿಡಿದರೆ ಉಳ್ಳೂರ್ ಜಂಕ್ಷನ್ನಿನಲ್ಲಿ ಮೆಡಿಕಲ್ ಕಾಲೇಜಿಗೆ ಹೋಗುವ ವಾಹನಗಳ ದೊಡ್ಡ ಬ್ಲಾಕು. ಅಷ್ಟೂ ಹೊತ್ತು ಅಣ್ಣಪ್ಪ ಆಟೋದಿಂದ ಕತ್ತು ಹೊರಗೆ ಹಾಕಿ ಆಕಾಶ ನೋಡುತ್ತಿದ್ದ, ಶಕುನಕ್ಕೆ ಒಂದು ಹದ್ದಾದರೂ ಕಾಣಲಿ ಎಂದು. ಕಾಗೆಗಳಿದ್ದವು.

ಮಂದಾಕಿನಿ ಅತ್ತಿ ಜೋಳದ ರೊಟ್ಟಿ ಬಡಿದು, ಮರಗೆಣಸಿನ ಪಲ್ಯ ಮಾಡಿ ಕಾಯುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ, ನಾಲಿಗೆಯಂತೂ ಬಾಗುವ ಜಾತಿಯದಲ್ಲ. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕೂತ ಮೇಲೆ ಅಣ್ಣಪ್ಪ ಮಗಳಿಗೆ ಸನ್ನೆ ಮಾಡಿದ. ಕೃತಿ ಮುಂದೆ ಬಂದು ಮಲಯಾಳದಲ್ಲಿ, ನ್ಯಾಯಾಲಯದಲ್ಲಿ ಕೇಳುವ ಹಾಗೆ ಕೇಳಿದಳು: “ಅಜ್ಜೀ, ನಮ್ಮ ಮನೆಯ ಪರುಂದ್ ಒಳ್ಳೆಯದಾ, ಕಳ್ಳನಾ?”

“ಯಾವ ಪರುಂದ್ ಮೋಳೇ?” ಎಂದಳು ಅತ್ತಿ.

“ಹದ್ದಿನಮನಿ ಹದ್ದು, ಅತ್ತಿ,” ಅಣ್ಣಪ್ಪ ಎತ್ತಿಕೊಟ್ಟ. “ದೇಸಾಯರ ವಾಡೇದಾಗ ನಮ್ಮ ಹಿರ್ಯಾರು ಪಳಗಿಸಿದ್ದು.”

ಅತ್ತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಗಲು ಶುರುಮಾಡಿದಳು. “ಯವ್ವಾ ನನ ಶಿವನ! ಇನ್ನೂ ಹಾರಾಕತ್ತೈತೇನೋ ಅದು! ಅಲ್ಲೋ ಅಣ್ಣಪ್ಪ, ಹಕ್ಕಿ ಹದ್ದಲ್ಲೋ ಹುಚ್ಚಾ. ಊರ ಹದ್ದು! ಹದ್ದು ಮೀರಬ್ಯಾಡ ಅಂತಾರಲ್ಲ, ಆ ಹದ್ದು. ಗಡಿ, ಗಡಿ. ಹಿರೇತೊರಗಿ, ಚಿಕ್ಕತೊರಗಿ, ಎರಡೂ ಊರಿನ ಹದ್ದಿನ ಮ್ಯಾಲ ಕಟ್ಟಿದ ಮನಿ ನಮ್ಮದು. ಅದಕ್ಕ ಹದ್ದಿನಮನಿ.”

ಅತ್ತಿಗೆ ಹುರುಪು ಬಂದಿತ್ತು. ಅಡುಗೆಮನೆ ಹಿರೇತೊರಗಿಯಲ್ಲಿ, ಪಡಸಾಲೆ ಚಿಕ್ಕತೊರಗಿಯಲ್ಲಿ. ಅವಳ ಅಜ್ಜ ಅಜ್ಜಿ ಜಗಳವಾಡಿದರೆ ಅಜ್ಜಿ ಒಲೆಯ ಮುಂದೆ ಕೂತು, “ನನ್ನ ಊರಾಗ ಕಾಲಿಟ್ಟಿ ಅಂದ್ರ ನೋಡ!” ಎನ್ನುತ್ತಿದ್ದಳಂತೆ. ಅಜ್ಜ ಪರವೂರಿನವನ ಹಾಗೆ ಹೊಸ್ತಿಲಾಚೆ ನಿಂತು ರೊಟ್ಟಿ ಬೇಡುತ್ತಿದ್ದನಂತೆ. ಜೀವಿತಾಳಿಗೆ ಈ ಏರ್ಪಾಡು ಬಹಳ ಹಿಡಿಸಿತು. ಕೃತಿ ನಕ್ಕು ನಕ್ಕು ಅಜ್ಜಿಯ ತೊಡೆಯ ಮೇಲೆ ಬಿದ್ದಳು.

ಅಣ್ಣಪ್ಪ ನಗಲಿಲ್ಲ. “ಸುಳ್ಳು,” ಎಂದ. “ಅಪ್ಪ ಹೇಳ್ತಿದ್ದ. ಸಾಯೂತನಕಾ ಹೇಳ್ತಿದ್ದ. ಅಪ್ಪ ಸುಳ್ಳ ಹೇಳ್ತಿದ್ನೇನು?”

ಅತ್ತಿಯ ನಗು ನಿಂತಿತು. “ಅಂವಾ ಎಲ್ಲಿ ಸುಳ್ಳ ಹೇಳ್ಯಾನೋ? ಅಂವಗ ಹೇಳಿದಾಕಿ ನಾನು. ಆ ಹದ್ದು ಹುಟ್ಟಿಸಿದಾಕೀನ ನಾನು.” ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ, ಗತ್ತು ಇತ್ತು. “ನಿಮ್ಮಪ್ಪ ಆಗ ಹಿಂಗ, ಈ ಕೂಸಿನಷ್ಟ ಇದ್ದ. ಬಯಲಾಗ ಎರಡೂ ಊರಿನ ಹುಡುಗ್ರು ಹುತುತು ಆಡ್ತಿದ್ರು. ಹಿರೇತೊರಗಿಯವರು ‘ನೀ ಚಿಕ್ಕತೊರಗಿಯಾಂವ, ಹೋಗ’ ಅಂದ್ರು. ಚಿಕ್ಕತೊರಗಿಯವರು ‘ನೀ ಹಿರೇತೊರಗಿಯಾಂವ, ಹೋಗ’ ಅಂದ್ರು. ಬೇವಿನಗಿಡದ ಬುಡಕ ಕುಂತು ಒಂದ ಸವನ ಅತ್ತ. ‘ಅಕ್ಕಾ, ನಾ ಯಾವೂರಾಂವ?’ ಅಂತ ಕೇಳಿದ. ನನಗ ಎದಿ ಒಡದಂಗಾತು. ಏನ ಹೇಳ್ಲಿ? ಮ್ಯಾಲ ನೋಡಿದ್ನಿ. ಒಂದು ಹದ್ದು ತಿರಗತಿತ್ತು. ‘ನಾವು ಆ ಊರವರೂ ಅಲ್ಲ, ಈ ಊರವರೂ ಅಲ್ಲೋ. ನೋಡ, ಅದರ ಮನಿಯವರು ನಾವು. ಹದ್ದಿನಮನಿಯವರು’ ಅಂದ್ನಿ. ದೇಸಾಯಿನ್ನೂ ನಾನ ಕಟ್ಟಿದ್ನಿ. ಅಂವಾ ಕಣ್ಣ ಒರಸಿಕೊಂಡು ಎದ್ದ. ಮರುದಿನ ಎದಿ ಉಬ್ಬಿಸಿಕೊಂಡು ಬಯಲಿಗೆ ಹೋದ.”

ಅತ್ತಿಯ ಕಣ್ಣು ಬೇರೆಲ್ಲೋ ಇತ್ತು, ಅಣೆಕಟ್ಟು ಗಿಣೆಕಟ್ಟು ಇಲ್ಲದ ಕಾಲದ ಒಂದು ಬಯಲಿನಲ್ಲಿ ಇರಬೇಕು.

ಅಣ್ಣಪ್ಪ ಎದ್ದು ಹಿತ್ತಲಿಗೆ ಹೋದ. ಮರಗೆಣಸಿನ ಗಿಡಗಳು ಅವನೆತ್ತರಕ್ಕೆ ಬೆಳೆದಿದ್ದವು. ಅವುಗಳ ನಡುವೆ ನಿಂತರೆ ಯಾರಿಗೂ ಕಾಣುವುದಿಲ್ಲ ಎಂದು ಅವನ ಎಣಿಕೆ. ಮನೆ ಮುಳುಗಿದ ದಿನ ಅವನಿಗೆ ಅಳು ಬಂದಿರಲಿಲ್ಲ. ಅಪ್ಪ ಅಳುತ್ತಿದ್ದರು, ಅವರನ್ನು ಹಿಡಿದುಕೊಳ್ಳುವ ಕೆಲಸವಿತ್ತು. ಈಗ ಬಂತು. ಮನೆ ಹೋದರೂ ಹದ್ದು ಮೇಲೆ ಹಾರುತ್ತಿದೆ, ಅದು ನೀರಿಗೆ ಸಿಗುವುದಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಈಗ ಅದೂ ಹೋಯಿತು. ಅಪ್ಪ ಕಾಪಾಡು ಎಂದು ಕೊಟ್ಟದ್ದು ಒಂದು ಬೇಲಿ, ಅಷ್ಟೇ. ಅದನ್ನು ಮಗಳಿಗೆ ಹೇಗೆ ಕೊಡುವುದು?

“ಅಪ್ಪಾ?” ಕೃತಿ ಗಿಡ ಸರಿಸಿ ಇಣುಕಿದಳು.

“ಕಣ್ಣಾಗ ಏನೋ ಬಿತ್ತವಾ. ನಡಿ ಒಳಗ.”

ಅವಳು ಹೋಗಲಿಲ್ಲ. ತಲೆ ಓರೆ ಮಾಡಿ ಅವನನ್ನು ನೋಡಿದಳು, ಆಮೇಲೆ ಅವನ ಕಿರುಬೆರಳು ಹಿಡಿದು ಪಕ್ಕದಲ್ಲಿ ನಿಂತಳು.

ವಾಪಸು ಬರುವ ರೈಲಿನಲ್ಲಿ ಅಣ್ಣಪ್ಪ ಯಾರಿಗೂ ಕಥೆ ಹೇಳಲಿಲ್ಲ. ಕೃತಿ ಕಿಟಕಿಗೆ ಹಣೆಯೊತ್ತಿ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಜೀವಿತಾ ಗಂಡನ ಮುಖ ನೋಡಿ ನೋಡಿ, ಕೊನೆಗೆ ಮೆಲ್ಲಗೆ ಹೇಳಿದಳು: “ಇಷ್ಟು ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೇ. ಹದ್ದು ಅಂತಲೇ ಹೇಳ್ಲಿ. ಕೊಚ್ಚಿಯಲ್ಲಿ ಯಾರಿಗೆ ಗೊತ್ತಾಗ್ತದೆ? ಹಕ್ಕಿ ಅಲ್ಲ ಅಂತ ನಾನಂತೂ ಯಾರಿಗೂ ಹೇಳುದಿಲ್ಲ.”

“ಬ್ಯಾಡ,” ಎಂದ ಅಣ್ಣಪ್ಪ.

“ಮತ್ತೆ ಎಂತ ಹೇಳುದು ಅವಳು?”

ಇದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಸಿಗುವಂತಿರಲಿಲ್ಲ. ಒಂದೇ ಒಂದು ಮಾತು, ‘ಕೃತೀ, ಪಂಜಿ ಅಂದ್ರ ತುಳುವಿನಾಗ ಏನ ಗೊತ್ತೈತೇನು?’ ಎಂದಿದ್ದರೆ ಸಾಕಿತ್ತು. ಇಬ್ಬರ ಮನೆಯೂ ಒಟ್ಟಿಗೆ ಮುಳುಗುತ್ತಿತ್ತು, ಲೆಕ್ಕ ಸಮವಾಗುತ್ತಿತ್ತು. ಜೀವಿತಾಳಿಗೂ ಅದು ಹೊಳೆದಿರಬೇಕು. ಅವಳು ಉಸಿರು ಬಿಗಿಹಿಡಿದಿದ್ದಳು. ಅಣ್ಣಪ್ಪ ಮಗಳ ಬೆನ್ನನ್ನೇ ನೋಡಿದ. ಒಂದೇ ದಿನ ಮಗುವಿನ ಎರಡು ಮನೆ ಕೆಡವಬಾರದು ಎನ್ನಿಸಿತು.

“ನಿಮ್ಮನೀದ ಹೇಳ್ಲಿ,” ಎಂದ. “ಹತ್ತಿಗುಡ್ಡ. ಛಲೋ ಐತಿ. ಮೆತ್ತಗೈತಿ.”

ಜೀವಿತಾ ಹೊರಗಿನ ಮೋಡ ನೋಡುವವಳ ಹಾಗೆ ಆಚೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಗಿನಿಂದ ಕಿತ್ತಳೆ ತೆಗೆದು, ಸುಲಿದು, ಬೀಜ ಬಿಡಿಸಿ ಒಂದೊಂದೇ ತೊಳೆ ಅವನ ಕೈಗೆ ಇಟ್ಟಳು. ಮದುವೆಯಾದ ಮೇಲೆ ಅವಳು ಬೀಜ ಬಿಡಿಸಿ ಕೊಟ್ಟದ್ದು ಅದೇ ಮೊದಲು.

ನವೆಂಬರ್ ಒಂದರಂದು ಶಾಲೆಯ ಸಭಾಂಗಣ ತುಂಬಿತ್ತು. ತಾಯಂದಿರೆಲ್ಲ ಜರಿಯಂಚಿನ ಕೆನೆಬಣ್ಣದ ಸೀರೆಯಲ್ಲಿ ಬಂದಿದ್ದರು. ಜೀವಿತಾಳೂ ಹೊಸತೊಂದನ್ನು ತೆಗೆದು ಉಟ್ಟಿದ್ದಳು. ಅಣ್ಣಪ್ಪ ನೀಲಿ ಶರ್ಟು ತೊಟ್ಟು ಮೂರನೇ ಸಾಲಿನಲ್ಲಿ, ಸಾಧ್ಯವಾದಷ್ಟು ಚಿಕ್ಕವನಾಗಿ ಕೂತಿದ್ದ. ಮೊದಲ ಸಾಲಿನಲ್ಲಿ ಅವನ ಕಾರ್ಖಾನೆಯ ಮ್ಯಾನೇಜರರು, ಅದೇ ಕ್ಲಾಸಿನ ಒಬ್ಬ ಹುಡುಗನ ತಂದೆ, ಕೂತಿದ್ದರು. ದೇಸಾಯಿಯ ಕಥೆಯನ್ನು ಅವರಿಗೆ ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿದ್ದನೋ ಅವನಿಗೇ ನೆನಪಿಲ್ಲ.

ಮಕ್ಕಳು ಒಬ್ಬೊಬ್ಬರೇ ಬಂದರು. ಪುತ್ತನ್‌ವೀಟ್ಟಿಲ್ ಎಂದರೆ ಹೊಸಮನೆ. ತೆಕ್ಕೇವೀಟ್ಟಿಲ್ ಎಂದರೆ ತೆಂಕಣ ಮನೆ. ಕಿಳಕ್ಕೇವೀಟ್ಟಿಲ್ ಎಂದರೆ ಮೂಡಣ ಮನೆ. ನಾಲ್ಕೂ ದಿಕ್ಕು ಮುಗಿದ ಮೇಲೆ ಮಾವಿನಮರ, ಹಲಸಿನಮರದ ಮನೆಗಳು ಬಂದವು. ಎಲ್ಲರಿಗೂ ಚಪ್ಪಾಳೆ ಬಿತ್ತು. ಆಮೇಲೆ ಟೀಚರು “ಕೃತಿ ಎ.” ಎಂದು ಕರೆದರು.

ಕೃತಿ ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು. ಅವಳು ಮಾತಾಡಿದ್ದು ಮಲಯಾಳದಲ್ಲಿ. ಅಣ್ಣಪ್ಪನಿಗೆ ಒಂದೊಂದು ಮಾತೂ ಕನ್ನಡದಲ್ಲಿ ಹೇಳಿದಷ್ಟೇ ಚೆನ್ನಾಗಿ ಕೇಳಿಸಿತು.

“ನನ್ನ ಮನೆಯ ಹೆಸರು ಹದ್ದಿನಮನಿ,” ಎಂದಳು.

ಅಣ್ಣಪ್ಪ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಕನ್ನಡದಲ್ಲಿ ಹದ್ದು ಎಂದರೆ ಪರುಂದ್. ಹದ್ದು ಎಂದರೆ ಗಡಿಯೂ ಹೌದು. ನಮ್ಮದು ಎರಡು ಊರಿನ ಗಡಿಯ ಮೇಲಿದ್ದ ಮನೆ. ಈಗ ಅದು ನೀರಿನೊಳಗೆ ಇದೆ. ನನ್ನ ಅಜ್ಜ ಸಣ್ಣವರಿದ್ದಾಗ ಯಾವ ಊರಿನವರೂ ಅವರನ್ನು ಆಟಕ್ಕೆ ಸೇರಿಸಲಿಲ್ಲ. ಅಜ್ಜ ಅತ್ತರು. ಆಗ ಅವರ ಅಕ್ಕ ಆಕಾಶ ನೋಡಿ, ಅವರಿಗೆ ಒಂದು ಪರುಂದ್ ಕೊಟ್ಟರು. ಬೇರೆ ಪರುಂದ್‌ಗಳು ಕೋಳಿಮರಿ ಕದಿಯುತ್ತವೆ. ನಮ್ಮದು ಕದಿಯುವುದಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಅತ್ತರೆ ಅದು ಬರುತ್ತದೆ. ಹದ್ದಿನಮನಿ ಎಂದರೆ ಅದು ಅರ್ಥ.”

ಕೋಳಿಮರಿ ಕಳೆದುಕೊಂಡ ಹುಡುಗಿ ಕೂಡ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಟೀಚರು ಬಗ್ಗಿ, “ಎಷ್ಟು ಚೆನ್ನಾಗಿದೆ ಮೋಳೇ! ಈ ಅರ್ಥ ಅಪ್ಪ ಹೇಳಿಕೊಟ್ಟದ್ದಾ?” ಎಂದು ಕೇಳಿದರು.

“ಅಲ್ಲ ಮಿಸ್. ಅಪ್ಪನಿಗೆ ಇದು ಗೊತ್ತೇ ಇಲ್ಲ,” ಎಂದಳು ಕೃತಿ ಮೈಕಿನಲ್ಲಿಯೇ. “ಅಪ್ಪ ಅಜ್ಜಿಯ ಹಿತ್ತಲಿನಲ್ಲಿ ಅಡಗಿ ನಿಂತು ಅಳುತ್ತಿದ್ದರು. ಕಣ್ಣಿಗೆ ಏನೋ ಬಿತ್ತು ಎಂದು ಸುಳ್ಳು ಹೇಳಿದರು. ಅದಕ್ಕೇ ರೈಲಿನಲ್ಲಿ ಕೂತು ಈ ಅರ್ಥ ನಾನೇ ಮಾಡಿದೆ, ಅಪ್ಪನಿಗೆ.” ಆಮೇಲೆ ಕೈ ಅಡ್ಡ ಹಿಡಿದು ದೀಪದ ಬೆಳಕಿನಾಚೆ ಸಭೆಯನ್ನು ನೋಡಿದಳು. “ಈಗಲೂ ಅಳುತ್ತಿದ್ದಾರೆ ಮಿಸ್. ಅಗೋ, ನೀಲಿ ಶರ್ಟ್.”

ಇಡೀ ಸಭಾಂಗಣ ತಿರುಗಿತು. ಹೊಸಮನೆಯವರು, ತೆಂಕಣ ಮನೆಯವರು, ಮೂಡಣ ಮನೆಯವರು, ಮಾವು ಹಲಸಿನವರು, ಮೊದಲ ಸಾಲಿನಿಂದ ಮ್ಯಾನೇಜರರು, ಎಲ್ಲರೂ. ದೇಸಾಯಿಯ ಕಾಲದ ವೀರವಂಶದ ಕುಡಿ ಅಣ್ಣಪ್ಪ ಹದ್ದಿನಮನಿ ಮೂಗು ಕೆಂಪಗೆ ಮಾಡಿಕೊಂಡು, ಮಕ್ಕಳ ಹಾಗೆ ಬಿಕ್ಕುತ್ತ, ಅಡಗಲು ಒಂದು ಮರಗೆಣಸಿನ ಗಿಡವೂ ಇಲ್ಲದೆ ಅಷ್ಟೂ ಜನರ ನಡುವೆ ಸಿಕ್ಕಿಬಿದ್ದಿದ್ದ. ಕರವಸ್ತ್ರ ಹುಡುಕಿದ, ಇರಲಿಲ್ಲ. ಜೀವಿತಾ ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಒಂದು ಕಣ್ಣು ಒರೆಸಿದ, ಇನ್ನೊಂದು ಕಣ್ಣು ಒರೆಸಿದ, ಆಮೇಲೆ ಸೆರಗು ಕೆಳಗಿಳಿಯಿತು. ಅವಳು ಥಟ್ಟನೆ ಅವನ ಮಣಿಕಟ್ಟು ಹಿಡಿದಳು. ಅವಳ ಕಣ್ಣೂ ತುಂಬಿತ್ತು.

“ಕಣ್ಣಿಗೆ ಎಷ್ಟು ಬೇಕಾದ್ರೂ ಒರೆಸ್ಕೊಳ್ಳಿ,” ಎಂದು ಪಿಸುಗುಟ್ಟಿದಳು. “ಮೂಗಿಗೆ ಮಾತ್ರ ಬೇಡ. ಹೊಸ ಸೀರೆ ಮಾರಾಯ್ರೇ, ಹದ್ದು ಮೀರ್ಬೇಡಿ.”